ಊರೆಲ್ಲ ಬೇವಿನೆಣ್ಣೆ

ಒಂದೂರಿನ ಕೆರೆಗೆ ಒಬ್ಬ ನೀರುಗಂಟಿ ಇದ್ದ. ಯಾರ ಗದ್ದೆಗೆ ಯಾವತ್ತು ನೀರು ಅಂತ ನೋಡಿಕೊಂಡು ತೂಬು ಎತ್ತುವವನು ಅವನೇ. ಊರಿನ ನಾಲ್ಕು ಜನ ಬಲಿತವರು ಅವನನ್ನು ಓಡಿಸಿದರು. ಅಂದಿನಿಂದ ದೊಣ್ಣೆ ಇದ್ದವನದೇ ನೀರು. ಉಳಿದವರು ಬಾಯಿ ಬಿಡಲಿಲ್ಲ. ಬಿಟ್ಟರೆ ಇರುವ ಪಾಲೂ ಹೋದೀತಲ್ಲ!

ಆಮೇಲೆ ಜನರ ಎದೆ ಸುಮ್ಮಸುಮ್ಮನೆ ಡವಗುಟ್ಟತೊಡಗಿತು. ನಿದ್ದೆ ಹಾರಿಹೋಯಿತು. ಒಬ್ಬೊಬ್ಬರೇ ಕದ್ದುಮುಚ್ಚಿ ಊರಿಗೆ ಮದ್ದು ಕೊಡುವ ಪಂಡಿತರ ಮನೆಗೆ ಹೋದರು. ಪಂಡಿತರು ಪ್ರತಿಯೊಬ್ಬರಿಗೂ ಹೇಳಿದ್ದು ಒಂದೇ: "ನಿನ್ನ ಮನಸ್ಸು ಬಲು ಮೆತ್ತಗೆ. ನೆತ್ತಿಗೆ ಬೇವಿನೆಣ್ಣೆ ಹಚ್ಕೋ. ಯಾರಿಗೂ ಹೇಳಬೇಡ."

ವಾಸನೆ ತಿಳಿಯಬಾರದೆಂದು ಹೆಂಗಸರು ಮಲ್ಲಿಗೆ ಮುಡಿದರು, ಗಂಡಸರು ಬಿಗಿಯಾಗಿ ರುಮಾಲು ಸುತ್ತಿದರು. ಮಾತಾಡುವಾಗ ಎಲ್ಲರೂ ದೂರ ದೂರ.

ಪುಟ್ಟೀರಿ ಎಂಬ ಸೊಸೆಯ ಎಣ್ಣೆ ಕುಡಿಕೆ ಮಾತ್ರ ಅತ್ತೆ ದೊಡ್ಡತಾಯಮ್ಮನ ಕೈಗೆ ಸಿಕ್ಕಿತು.

"ಹುಚ್ಚಿನ ಔಷಧಿ! ಸಂತೆ ಮುಗಿದ ಮಾರನೇ ದಿನ ತವರಿಗೆ ನಡಿ. ಮಗು ಇಲ್ಲೇ ಇರುತ್ತೆ."

ಪುಟ್ಟೀರಿ ಹೆದರಿ ಎಣ್ಣೆ ಮುಟ್ಟುವುದನ್ನೇ ಬಿಟ್ಟಳು.

ಸಂತೆಯ ದಿನ ಜೋರು ಮಳೆ ಹೊಡೆಯಿತು. ಜನರೆಲ್ಲ ಓಡಿ ಚಾವಡಿಯೊಳಗೆ ಒತ್ತೊತ್ತಾಗಿ ನಿಂತರು. ನಿಮಿಷದಲ್ಲಿ ಘಾಟು ತುಂಬಿಕೊಂಡಿತು.

"ಅಯ್ಯಪ್ಪಾ, ಯಾರ ತಲೆನಪ್ಪಾ ಇದು, ಗಾಣದ ಹಂಗೆ?" ಅಂದ ರೈತ ದ್ಯಾವಣ್ಣ.

"ಇನ್ಯಾರದು, ನಮ್ಮನೆ ಸೊಸೆದು. ನಾಳೆ ಸಾಗಹಾಕ್ತೀನಿ" ಅಂದಳು ದೊಡ್ಡತಾಯಮ್ಮ.

ಪುಟ್ಟೀರಿ ಮಗುವನ್ನು ಗಟ್ಟಿಯಾಗಿ ಹಿಡಿದುಕೊಂಡು ತಲೆ ಬಗ್ಗಿಸಿದಳು. "ಮೂಸಿ ನೋಡಿ ಅತ್ತೆಮ್ಮ. ಬೆಳಿಗ್ಗೆ ಸೀಗೆಪುಡಿ ಹಾಕಿ ತೊಳ್ದಿದ್ದೀನಿ."

ಅತ್ತೆ ಮೂಸಿದಳು. ಬರೀ ಸೀಗೆ.

ಅಷ್ಟರಲ್ಲಿ ದ್ಯಾವಣ್ಣನ ನೆಂದ ರುಮಾಲಿನಿಂದ ಎಣ್ಣೆ ಹಣೆಗಿಳಿಯಿತು. ಅತ್ತೆಯ ಮಲ್ಲಿಗೆಯ ಬುಡದಿಂದಲೂ.

"ನಿಂಗೂನಾ ದ್ಯಾವಣ್ಣ?"

"ನಿಂಗೂನಾ ಅಕ್ಕ? ಯಾವಾಗಿಂದ?"

"ನೀರುಗಂಟಿ ಹೋದಾಗಿಂದ."

ಚಾವಡಿಯ ತುಂಬ ಇದೇ ಪ್ರಶ್ನೆ, ಇದೇ ಉತ್ತರ. ದೊಡ್ಡತಾಯಮ್ಮ ಮೂಲೆಯಲ್ಲಿದ್ದ ಪಂಡಿತರ ಕಡೆ ತಿರುಗಿದಳು.

"ಏನ್ ಪಂಡಿತ್ರೇ, ಊರಿಗೆ ಊರೇ ಒಂದೇ ಸಲ ಹುಚ್ಚಾಯ್ತಾ? ನಿಮಗೆ ಗೊತ್ತಿತ್ತು. ಹೇಳೋಕೇನಾಗಿತ್ತು ರೋಗ?"

"ಹೇಳಿದ್ರೆ ಆ ನಾಲ್ವರು ನನ್ನನ್ನೂ ಓಡಿಸ್ತಿದ್ರು ಕಣಮ್ಮ" ಅಂದರು ಪಂಡಿತರು. ಅವರ ನೆತ್ತಿಯೂ ಮಿರಿಮಿರಿ ಮಿಂಚುತ್ತಿತ್ತು.

ದೊಡ್ಡತಾಯಮ್ಮ ಸೊಸೆಯ ಕಂಕುಳಿನ ಮಗುವಿಗೆ ತನ್ನ ಸೆರಗು ಹೊದಿಸಿ, "ನಡಿಯೇ, ಕೆರೆ ಹತ್ರ ಹೋಗೋಣ" ಅಂದಳು.

ಎಲ್ಲರೂ ಮಳೆಯಲ್ಲೇ ಹೊರಟರು. ತೂಬಿನ ಬಳಿ ದೊಣ್ಣೆ ಹಿಡಿದು ನಾಲ್ವರಿದ್ದರು. ಏರಿಯ ಮೇಲೆ ಇಡೀ ಊರಿತ್ತು.

ನೀತಿ: ಊರಿನ ನ್ಯಾಯ ಕೆಟ್ಟಾಗ ನಿದ್ದೆಗೆಡುವವರು ದುರ್ಬಲರಲ್ಲ, ಹುಚ್ಚರೂ ಅಲ್ಲ. ಆ ಸಂಕಟ ಎಲ್ಲರದು, ಅದಕ್ಕೆ ಮದ್ದನ್ನೂ ಎಲ್ಲರೂ ಸೇರಿಯೇ ಮಾಡಬೇಕು. ದಯವಿಟ್ಟು ಪಕ್ಕದವರನ್ನು ಒಂದು ಮಾತು ಕೇಳಿ. ಅದಕ್ಕೂ ಮಳೆಯೇ ಬರಬೇಕೇ?