ಫೈನಲ್ ದಿನದ ಪೆಟ್ಟಿಗೆ

ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡುವ ಪೆಟ್ಟಿಗೆ ಹಿಡಿದು ಬಂದ ಎರಡು ಕೇಬಲ್ ಕಂಪನಿಗಳ ಇಬ್ಬರು ಏಜೆಂಟರು, ತಮ್ಮ ಪೆಟ್ಟಿಗೆಯೇ ಒಳ್ಳೆಯದೆಂದು, ವಾಮನರಾಯರ ನಡುಮನೆಯಲ್ಲಿ ಜಗಳಕ್ಕೆ ಬಿದ್ದಿದ್ದರು. ತಲೆ ಕೆಟ್ಟ ರಾಯರು ಅಡುಗೆಯ ತುಂಗಮ್ಮನ ಮೇಲೆ ರೇಗಿದರು: "ಯಾವ ಪೆಟ್ಟಿಗೆ ನಂಬಬಹುದು, ನೀನೇ ಹೇಳು. ತಪ್ಪಿದರೆ ನಾಳೆಯಿಂದ ಬರಬೇಡ!"

ತುಂಗಮ್ಮ ಏಜೆಂಟರಿಬ್ಬರಿಗೂ ಕಾಫಿ ಕೊಟ್ಟಳು. "ಇವತ್ತು ಫೈನಲ್ ಮ್ಯಾಚು. ನಿಮ್ಮ ಮನೇಲೂ ನಿಮ್ಮ ಪೆಟ್ಟಿಗೇನೇ ರೆಕಾರ್ಡ್ ಮಾಡ್ತಿರಬೇಕಲ್ಲ?"

ಇಬ್ಬರೂ ಎದೆ ಉಬ್ಬಿಸಿ ಹೌದೆಂದರು.

"ರೇಡಿಯೋದಲ್ಲಿ ಈಗಷ್ಟೇ ಸ್ಕೋರ್ ಬಂತು. ಹೇಳ್ಲಾ?"

"ಅಯ್ಯೋ ಬೇಡಮ್ಮಾ, ಮನೆಗೆ ಹೋಗಿ ನೋಡ್ಬೇಕು!" ಎಂದು ಒಬ್ಬ ಕಿವಿ ಮುಚ್ಚಿಕೊಂಡ. "ಎಷ್ಟಾಯ್ತು, ಎಷ್ಟಾಯ್ತು?" ಎಂದು ಇನ್ನೊಬ್ಬ ಎದ್ದೇ ನಿಂತ.

"ಕಿವಿ ಮುಚ್ಚಿಕೊಂಡವರ ಪೆಟ್ಟಿಗೆ ತಗೊಳ್ಳಿ ರಾಯರೇ" ಎಂದಳು ತುಂಗಮ್ಮ. ರಾಯರು ನಕ್ಕುಬಿಟ್ಟರು.

ಸೋತವನು ಪೆಟ್ಟಿಗೆ ಬಗಲಿಗಿಟ್ಟುಕೊಂಡು ಬಾಗಿಲಲ್ಲೇ ನಿಂತ. "ಹೋಗ್ಲಿ ಬಿಡಿ ಅಮ್ಮಾ. ಆ ಸ್ಕೋರಾದ್ರೂ ಹೇಳಿ."