ಹಿಂದಿನಿಂದ ಬಂದ ಅಲೆ

"ಗುರುಗಳೇ, ದೊಡ್ಡದೊಂದನ್ನು ಕಣ್ಣಾರೆ ಕಂಡವನಿಗೆ ಈ ಚಿಲ್ಲರೆ ಕೆಲಸಗಳ ಹಂಗು ಇನ್ನೂ ಇರುತ್ತದೆಯೆ?" ಎಂದು ಶಿಷ್ಯ ಕೇಳಿದ.

ಗುರು ನಕ್ಕರು. "ಇವತ್ತು ಕಸ ಗುಡಿಸುವ ಸರದಿ ನಿನ್ನದು ಅಂತ ಕಾಣುತ್ತದೆ. ಇರಲಿ, ಕುಳಿತುಕೋ" ಎಂದು ಹೇಳತೊಡಗಿದರು.

ಒಂದು ಹಾಯಿಹಡಗಿತ್ತು. ಅದನ್ನು ನಡೆಸುವವನು ಒಬ್ಬ ಮುದುಕ ತಂಡೇಲ. ಪ್ರತಿ ಚಳಿಗಾಲ ಅವನು ಹೊಸಬರನ್ನು ಹತ್ತಿಸಿಕೊಂಡು ತೆಂಕಣಕ್ಕೆ ಹೊರಡುತ್ತಿದ್ದ. ಹಾಯಿ ಬಿಚ್ಚುವುದು, ಹಗ್ಗ ಎಳೆಯುವುದು, ನೀರು ಮೊಗೆದು ಚೆಲ್ಲುವುದು, ಎಲ್ಲವನ್ನೂ ಸಮುದ್ರದ ಮೇಲೆಯೇ ಕಲಿಸುತ್ತಿದ್ದ. ಉಟ್ಟ ಬಟ್ಟೆ ಒಣಗುತ್ತಿರಲಿಲ್ಲ, ಬೆರಳು ಮರಗಟ್ಟುತ್ತಿದ್ದವು. ಗಂಜಿ ಕುಡಿಯುವಾಗಲೂ ಒಂದು ಕೈ ಹಗ್ಗದ ಮೇಲೆಯೇ. ಚಳಿಗಾಲದ ಸಮುದ್ರ ಹಸುವಿನಂಥದ್ದು ಎಂದು ದಡದಲ್ಲಿ ಕುಳಿತವರು ಹೇಳುತ್ತಾರೆ. ಹಸುವೂ ಒದೆಯುವುದುಂಟು.

ಆ ಹಡಗಿನಲ್ಲಿ ಒಂದು ಕಟ್ಟಳೆಯಿತ್ತು. ಗಾಳಿ ಬೆನ್ನಿಗಿರುವಾಗ ಚುಕ್ಕಾಣಿ ಹಿಡಿದವನು ಹಿಂದೆ ತಿರುಗಿ ನೋಡಕೂಡದು. ತಿರುಗಿದರೆ ಕೈ ಸಡಿಲಿ ಹಡಗು ಓರೆಯಾಗುತ್ತದೆ. ಹಡಗು ಅಲೆಗೆ ನೇರವಾಗಿ ಬೆನ್ನು ಕೊಟ್ಟರೆ ಅಲೆ ಅದನ್ನು ಎತ್ತಿ ಮುಂದೆ ಬಿಡುತ್ತದೆ. ಪಕ್ಕೆ ಕೊಟ್ಟರೆ ಮಗುಚಿಹಾಕುತ್ತದೆ.

ಒಂದು ದಿನ ಬಡಗಣ ಗಾಳಿ ಜೋರಾಯಿತು. ಚುಕ್ಕಾಣಿ ಒಬ್ಬ ಹೊಸಬನ ಕೈಯಲ್ಲಿತ್ತು. ಒಳ್ಳೆಯವನು, ದೈವಭಕ್ತ. ಅವನ ಜೊತೆಗಾರ ಮುಂದೆ ನಿಂತು ಹಾಯಿ ಕಟ್ಟುತ್ತಿದ್ದ. ಆಗ ಹೊಸಬನ ಬೆನ್ನ ಹಿಂದೆ ನೀರು ಏಳುವ ಸದ್ದಾಯಿತು. ತಡೆಯಲಾರದೆ ತಿರುಗಿದ.

ಅಲೆ ಹಾಯಿಕಂಬಕ್ಕಿಂತ ಮೇಲೆ ಎದ್ದಿತ್ತು. ಬಿಸಿಲು ಅದರೊಳಕ್ಕೆ ಹೊಕ್ಕು ನೀರೆಲ್ಲ ಹಸಿರಾಗಿ ಬೆಳಗಿತ್ತು. ಆ ಬೆಳಕಿನಲ್ಲಿ, ಅವನ ತಲೆಗಿಂತ ಎತ್ತರದಲ್ಲಿ, ಮೀನುಗಳು ಈಜುತ್ತಿದ್ದವು. ಹುಟ್ಟಿದಾಗಿನಿಂದ ಅವನು ಅಂಥದ್ದನ್ನು ಕಂಡಿರಲಿಲ್ಲ. ಹೆದರಿಕೆಯೂ ಆಗಲಿಲ್ಲ. ಕಣ್ಣು ತುಂಬಿತು, ಎರಡೂ ಕೈ ತಾವಾಗಿಯೇ ಮುಗಿದವು.

ಬಿಟ್ಟ ಚುಕ್ಕಾಣಿ ಹೊರಳಿತು, ಹಡಗು ಅಲೆಗೆ ಪಕ್ಕೆ ಕೊಟ್ಟಿತು. ನೀರು ಹಾದುಹೋದಾಗ ಜೊತೆಗಾರ ಹಡಗಿನ ಹೊರಗೆ, ಸೊಂಟಕ್ಕೆ ಕಟ್ಟಿದ್ದ ಹಗ್ಗದಲ್ಲಿ ಜೋತಾಡುತ್ತಿದ್ದ. ತಂಡೇಲ ಹಾರಿ ಬಂದು ಚುಕ್ಕಾಣಿ ಹಿಡಿದ. ಉಳಿದವರು ಹಗ್ಗ ಎಳೆದರು. ಜೊತೆಗಾರನ ಜೀವ ಉಳಿಯಿತು, ತೋಳು ಮುರಿದಿತ್ತು.

ಗಾಳಿ ತಗ್ಗಿದ ಮೇಲೆ ಹೊಸಬ ತಂಡೇಲನ ಮುಂದೆ ತಲೆ ತಗ್ಗಿಸಿ ನಿಂತ. "ತಪ್ಪಾಯ್ತು. ಆದ್ರೆ ಅದು ಹೇಗಿತ್ತು ಅಂತ ಹೇಳ್ಲಿಕ್ಕೆ ಬರುದಿಲ್ಲ. ನೀವು ಒಂದ್ಸಲವೂ ತಿರುಗಿ ನೋಡ್ಲಿಲ್ವಾ?"

"ನೋಡ್ಬೇಕಂತ ಆಸೆ ನಂಗಿಲ್ವಾ ಮಾರಾಯ?" ಎಂದ ತಂಡೇಲ. "ಇಷ್ಟು ವರ್ಷ ಅದ್ರ ಸದ್ದು ಮಾತ್ರ ಕೇಳಿದ್ದೇನೆ. ಕೇಳಿದಾಗೆಲ್ಲ ಮೈ ಜುಂ ಅಂತದೆ. ಆಗ ಚುಕ್ಕಾಣಿ ಇನ್ನೂ ಗಟ್ಟಿ ಹಿಡೀತೇನೆ."

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೂ ಗುರುಗಳೇ, ಅವನು ಕೈ ಮುಗಿದದ್ದು ನಿಜವಾದ ಭಕ್ತಿಯಲ್ಲವೆ?" ಎಂದ.

ಗುರು ಅವನನ್ನೇ ನೋಡುತ್ತ ಹೇಳಿದರು: "ಭಕ್ತಿಯೇನೋ ನಿಜ, ಆದರೆ ಚುಕ್ಕಾಣಿ ಹಿಡಿದ ಹೊತ್ತಿನಲ್ಲಿ ಆ ಕೈಗಳು ಅವನವಾಗಿದ್ದರೆ ತಾನೆ ಮುಗಿಯಲಿಕ್ಕೆ?"