ಗೀಜಗನ ಗೂಡಿನ ಮಣ್ಣು

ಲೋಕ ಇನ್ನೂ ಹೊಸದು. ಬೆಟ್ಟಗಳ ಹಸಿ ಆರಿರಲಿಲ್ಲ. ಗಾಳಿ ಆಗ ತಾನೇ ನಡೆಯಲು ಕಲಿತು, ಸಿಕ್ಕಿದ್ದನ್ನೆಲ್ಲ ಎಳೆದಾಡುತ್ತಿತ್ತು.

ಆ ಕಾಲದಲ್ಲಿ, ಬಾವಿಯೊಂದರ ಮೇಲೆ ಬಾಗಿದ ಜಾಲಿಮರದಲ್ಲಿ ನಾರಜ್ಜಿ ಎಂಬ ಮುದಿ ಗೀಜಗ ಇದ್ದಳು. ತಾಯಿಯಿಲ್ಲದ ಮೊಮ್ಮಗ ಗರಿಯನನ್ನು ಸಾಕಿದವಳು ಅವಳೇ. ಹುಲ್ಲು ಸೀಳುವುದು, ಗಂಟು ಹಾಕುವುದು, ಗೂಡು ನೇಯುವುದು, ಎಲ್ಲ ಕಲಿಸಿದವಳೂ ಅವಳೇ. ನೇಯ್ಗೆ ಅರ್ಧಕ್ಕೆ ಬಂದಾಗ ಅವಳು ಕೊಕ್ಕಿನಲ್ಲಿ ಕೆಸರು ತಂದು ಒಳಗೋಡೆಗೆ ಮೆತ್ತುತ್ತಿದ್ದಳು. ತೂಕವಿಲ್ಲದ ಗೂಡು ಗಾಳಿಯ ಪಾಲು ಎನ್ನುತ್ತಿದ್ದಳು. ಗರಿಯ ಹೂಂಗುಟ್ಟುತ್ತಿದ್ದ. ಕಿವಿ ಇತ್ತ, ಮನಸ್ಸು ಅತ್ತ.

ಗರಿಯ ದೊಡ್ಡವನಾದ. ಅಜ್ಜಿಯ ಕಣ್ಣು ಹೋಯಿತು, ರೆಕ್ಕೆ ಸೋತಿತು, ಅವಳ ಗೂಡೂ ಹಳತಾಗಿ ಉದುರಿತು. ಇನ್ನು ನನ್ನ ಹೊಸ ಗೂಡಿನಲ್ಲೇ ಇರು ಎಂದ ಗರಿಯ. ಅಜ್ಜಿಯ ಮೇಲೆ ಅವನಿಗೆ ಪ್ರಾಣ.

ನಮ್ಮಲ್ಲಿ ಗಂಡಿನವರು ಹೆಣ್ಣು ನೋಡಲು ಹೋಗುತ್ತಾರೆ. ಗೀಜಗಗಳಲ್ಲಿ ಹೆಣ್ಣೇ ಬಂದು ಗೂಡು ನೋಡುತ್ತದೆ. ಮಿಣಿ ಎಂಬವಳು ಬಂದಳು, ಒಳಗೆ ಇಣುಕಿದಳು, ಮೂಗು ಮುರಿದಳು. ನೇಯ್ಗೆಯೇನೋ ಚೆನ್ನ, ಗೋಡೆಗೆ ಈ ಕೊಳಕೇನು ಎಂದು ಕೇಳಿದಳು. ಗರಿಯನಿಗೆ ನಾಚಿಕೆಯಾಯಿತು. ನಮ್ಮಜ್ಜಿಗೆ ಅರಳುಮರಳು, ಅವಳು ಹೇಳಿದಳೆಂದು ಮೆತ್ತಿದೆ ಎಂದುಬಿಟ್ಟ. ಮಿಣಿ ಹೋದ ಮೇಲೆ ಒಣಗಿದ ಕೆಸರನ್ನೆಲ್ಲ ಕೆರೆದು ಕೆರೆದು ಬಾವಿಗೆ ಎಸೆದ. ಗೂಡು ಹಗುರಾಯಿತು, ಚೊಕ್ಕಟವಾಯಿತು.

ಮಧ್ಯಾಹ್ನ ಮೋಡ ಕಪ್ಪಿಟ್ಟಿತು. ಗರಿಯ ಅಜ್ಜಿಗೆ ಆಸರೆಯಾಗಿ, ಕೊಂಬೆಯಿಂದ ಕೊಂಬೆಗೆ ದಾಟಿಸಿಕೊಂಡು ಗೂಡಿನ ಬಾಯಿಗೆ ತಂದ. ಅವಳು ಅಲ್ಲೇ ನಿಂತಳು.

"ಮಣ್ಣು ಮೆತ್ತಿದ್ದೀಯೇನೋ ಮಗಾ?"

"ಮೆತ್ತಿದೀನಿ ಅಜ್ಜಿ. ಒಳಗೆ ಹೋಗು."

ಅವಳು ಕೊಕ್ಕಿನಿಂದ ತಡವಿ ನೋಡಬಹುದಿತ್ತು. ನೋಡಲಿಲ್ಲ. ಮೊಮ್ಮಗನ ಮಾತು ಅವಳಿಗೆ ಸಾಕಿತ್ತು, ಒಳಗೆ ಹೋದಳು. ಗರಿಯ ಹೊರಗೆ ಕೊಂಬೆಯ ಮೇಲೆ ಕೂತ.

ಗಾಳಿ ಬಂತು. ಮರದ ಹಳಬರ ಮಣ್ಣಿದ್ದ ಗೂಡುಗಳನ್ನು ತೊಟ್ಟಿಲಿನಂತೆ ತೂಗಿ ಮುಂದೆ ಹೋಯಿತು. ಗರಿಯನ ಗೂಡು ಗಿರಗಿರ ಸುತ್ತಿತು, ಸುತ್ತಿ ಸುತ್ತಿ ಕಿತ್ತು ಬಂತು, ಅಜ್ಜಿಯ ಸಮೇತ ಬಾವಿಗೆ ಬಿತ್ತು.

ಗರಿಯ ಗಾಳಿಯನ್ನು ಬಾಯಿಗೆ ಬಂದಂತೆ ಬೈದ. ಗಾಳಿಗೆ ಸಿಟ್ಟೂ ಬರಲಿಲ್ಲ, ಮರುಕವೂ ಬರಲಿಲ್ಲ.

"ಹಗುರಾದದ್ದನ್ನು ನಾನು ಒಯ್ಯುತ್ತೇನೆ. ಒಳಗೆ ಯಾರಿದ್ದಾರೆಂದು ಕೇಳುವುದು ನನ್ನ ಕೆಲಸವಲ್ಲ."

ಆ ಕಾಲದ ಹಕ್ಕಿಗಳಲ್ಲಿ ಒಂದು ಪದ್ಧತಿಯಿತ್ತು. ಸತ್ತವರ ಮೇಲೆ ಮನೆಯವರು ಮೂರು ಕೊಕ್ಕು ಮಣ್ಣು ಹಾಕಬೇಕು. ಹಾಕದಿದ್ದರೆ ಸತ್ತ ಜೀವಕ್ಕೆ ನೆಲೆಯಿಲ್ಲ. ಗರಿಯ ಮೂರು ದಿನ ಬಾವಿಕಟ್ಟೆ ಬಿಟ್ಟು ಕದಲಲಿಲ್ಲ. ನನ್ನ ಅಜ್ಜಿಯನ್ನು ಕೊಡು, ಮಣ್ಣು ಮಾಡುತ್ತೇನೆ ಎಂದು ಬೇಡಿದ. ಮೂರನೆಯ ದಿನ ಬಾವಿ ಮಾತಾಡಿತು.

"ನನ್ನ ತಳ ನನಗೇ ಎಟುಕದು ಮಗುವೇ. ಅಂಚಿನಲ್ಲಿ ಕೆಸರಿದೆ. ಬೇಕಾದರೆ ಅದನ್ನು ಒಯ್ಯು."

ಗರಿಯ ಅತ್ತ. ಅಜ್ಜಿ ಹೋದಳೆಂದು ಅತ್ತ, ನಂಬಿದವಳಿಗೆ ಸುಳ್ಳು ಹೇಳಿದೆನಲ್ಲ ಎಂದು ಅದಕ್ಕಿಂತ ಹೆಚ್ಚು ಅತ್ತ. ಆಮೇಲೆ ಎದ್ದು ಹುಲ್ಲು ಸೀಳಿದ. ಅಜ್ಜಿ ಕಲಿಸಿದ ಗಂಟನ್ನೇ ಹಾಕಿದ. ಗೂಡು ಅರ್ಧವಾದಾಗ ಬಾವಿಯಂಚಿನಿಂದ ಒಂದು ಕೊಕ್ಕು ಕೆಸರು ತಂದು ಮೆತ್ತಿದ. ಎರಡನೆಯದು ತಂದ. ಮೂರನೆಯದೂ ತಂದ. ಮಿಣಿ ಬಂದು ನೋಡಿದಳು. ಈ ಸಲ ಮೂಗು ಮುರಿಯದೆ ಒಳಗೆ ಹೋಗಿ ಕೂತಳು.

ಮುಂದೆ ಗಂಡುಮರಿಗಳಿಗೆ ನೇಯ್ಗೆ ಕಲಿಸುವಾಗ ಗರಿಯ ಮೊದಲು ಹೇಳಿಕೊಟ್ಟದ್ದು ಮಣ್ಣು ಮೆತ್ತುವುದನ್ನು. ನಾರಜ್ಜಿಯ ಹೆಸರನ್ನು ಹೇಳಿದ. ತನ್ನ ಸುಳ್ಳನ್ನೂ ಮುಚ್ಚಿಡಲಿಲ್ಲ.

ಅದಕ್ಕೇ ಮಗೂ, ಇಂದಿಗೂ ಗೂಡು ಅರ್ಧವಾದ ಕೂಡಲೇ ಗೀಜಗ ಕೆಸರು ತರಲು ಹಾರುತ್ತದೆ. ಮರದ ಕೆಳಗೆ ಹಳೆಯ ಗೂಡು ಬಿದ್ದಿದ್ದರೆ ಒಳಗೆ ಬೆರಳಾಡಿಸಿ ನೋಡು, ಒಣಗಿದ ಮಣ್ಣು ತಗಲುತ್ತದೆ. ಅದನ್ನು ಕೆರೆದು ತೆಗೆಯಬೇಡ, ಅದು ನಾರಜ್ಜಿಗೆ ಸಲ್ಲಬೇಕಾದ ಮಣ್ಣು.